ಹಳೆಯ ಕಬ್ಬಿಣದ ಬಲ ಅಂದಾಜು ಮಾಡುವಾಗ ಅಂಕಿ ತಪ್ಪುವುದೆಲ್ಲಿ: ಕತ್ತರಿಸದೆ ಪರೀಕ್ಷಿಸುವವರಿಗೆ ದೋಷ ನಿವಾರಣೆ ಕೈಪಿಡಿ

ರಿವೆಟ್ ಹೊಡೆದು ಕೂಡಿಸಿದ ಹಳೆಯ ಗರ್ಡರ್ (ದೊಡ್ಡ ತೊಲೆ) ಒಂದರ ವೆಬ್ ಮೇಲೆ, ಎಂದರೆ ನಡುವಿನ ನಿಂತ ತಗಡಿನ ಮೇಲೆ, ಅಂಗೈಯಗಲ ಬಣ್ಣ ತೆಗೆದು, ಹೊಳಪು ಬರುವವರೆಗೆ ಉಜ್ಜಿ, ಲೀಬ್ ಗಡಸುಮಾಪಕದಿಂದ (ಚಿಕ್ಕ ಬಡಿಗೆ ಲೋಹಕ್ಕೆ ಬಡಿದು ಪುಟಿಯುವುದನ್ನು ಅಳೆಯುವ ಉಪಕರಣ) ಐದು ಸಲ ಹೊಡೆದೆ. ಪರದೆಯ ಮೇಲೆ ಬಂದದ್ದು 372, 411, 348, 428, 365. ಒಂದೇ ತಗಡು, ಒಂದೇ ಜಾಗ, ಒಂದೇ ಕೈ. ಸರಾಸರಿ ತೆಗೆದರೆ 385 ಆಗುತ್ತದೆ; ಅದನ್ನು ಬ್ರಿನೆಲ್‌ಗೂ (ಗುಂಡು ಒತ್ತಿದ ಗುಳಿಯಿಂದ ಅಳೆಯುವ ಗಡಸುತನದ ಅಂಕಿ) ಅಲ್ಲಿಂದ ಬಲದ ಅಳತೆಯಾದ ಮೆಗಾಪಾಸ್ಕಲ್‌ಗೂ ಉಪಕರಣವೇ ಬದಲಿಸಿ ಕೊಡುತ್ತದೆ. ಬಹಳ ವರದಿಗಳು ಮುಗಿಯುವುದು ಇಲ್ಲಿಗೇ. ಆದರೆ ಅಂಗೈಯಗಲದೊಳಗೆ 80 ಅಂಕಿಯ ಏರಿಳಿತ ಬಂದಿದ್ದರೆ ಎಲ್ಲೋ ಏನೋ ಸರಿಯಿಲ್ಲ. ಆ ಏರಿಳಿತವನ್ನು ಸರಾಸರಿಯೊಳಗೆ ಮುಚ್ಚಿಬಿಟ್ಟರೆ ತಪ್ಪು ಹಾಗೇ ಉಳಿಯುತ್ತದೆ, ಆಮೇಲೆ ಅದನ್ನು ಹುಡುಕುವವರು ಯಾರೂ ಇರುವುದಿಲ್ಲ.

ಗಡಸುಮಾಪಕ ಬಲವನ್ನು ಅಳೆಯುವುದಿಲ್ಲ. ಗುಂಡು ಅಥವಾ ವಜ್ರದ ಮೊನೆ ಲೋಹದೊಳಗೆ ಎಷ್ಟು ಇಳಿಯಿತು, ಇಲ್ಲವೇ ಬಡಿದು ಎಷ್ಟು ವೇಗದಲ್ಲಿ ಪುಟಿಯಿತು ಎಂದಷ್ಟೇ ಹೇಳುತ್ತದೆ. ಅಲ್ಲಿಂದ ಬಲಕ್ಕೆ ಹೋಗುವ ದಾರಿ ಆ ಲೋಹ ಯಾವುದು ಎಂಬುದರ ಮೇಲೆ ನಿಂತಿದೆ. ನಾನು ಮತ್ತೆ ಪರಿಶೀಲಿಸಬೇಕಾಗಿ ಬಂದ ಲೆಕ್ಕಗಳಲ್ಲಿ ಹೆಚ್ಚಿನವು ಉಪಕರಣ ಕೆಟ್ಟು ತಪ್ಪಿದವಲ್ಲ. ಲೋಹದ ಗುರುತು ಹಿಡಿಯುವ ಮುಂಚೆಯೇ ಉಕ್ಕಿನ ಪರಿವರ್ತನೆ ಪಟ್ಟಿಯನ್ನು ತೆರೆದದ್ದರಿಂದ ತಪ್ಪಿದವು. ಹಾಗಾಗಿ ಈ ಕೈಪಿಡಿಯ ಸರದಿಯೂ ಹಾಗೆಯೇ ಇದೆ: ಮೊದಲು ಲೋಹ, ಆಮೇಲೆ ಮೇಲ್ಮೈ, ಆಮೇಲೆ ಉಪಕರಣ, ಎಲ್ಲಕ್ಕಿಂತ ಕೊನೆಗೆ ಸೂತ್ರ.

ಲೋಹ ಯಾವುದು?

ಹಳೆಯ ಕಟ್ಟಡ, ಸೇತುವೆಗಳಲ್ಲಿ ಮೂರು ಬಗೆಯ ಲೋಹ ಎದುರಾಗುತ್ತದೆ: ಬೀಡು ಕಬ್ಬಿಣ (ಅಚ್ಚಿಗೆ ಎರಕ ಹೊಯ್ದದ್ದು), ಮೆದು ಕಬ್ಬಿಣ (ಕೆಲಸದವರ ಬಾಯಲ್ಲಿ ರಾಟ್ ಐರನ್), ಉಕ್ಕು. ಕೋಲ್‌ಬ್ರೂಕ್‌ಡೇಲ್‌ನ ಬೀಡು ಕಬ್ಬಿಣದ ಸೇತುವೆ ಎದ್ದದ್ದು 1779ರಲ್ಲಿ. ಹೆನ್ರಿ ಕೋರ್ಟ್ 1784ರಲ್ಲಿ ಪಡಲಿಂಗ್ (ಕರಗಿದ ಬೀಡನ್ನು ಕುಲುಮೆಯಲ್ಲಿ ಕಲಕಿ ಮೆದು ಕಬ್ಬಿಣ ಮಾಡುವ) ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಮೆದು ಕಬ್ಬಿಣ ಹೇರಳವಾಗಿ ಸಿಗತೊಡಗಿತು. 1889ರ ಐಫೆಲ್ ಗೋಪುರವೂ ಅದರದ್ದೇ. ಕರಗಿದ ಕಬ್ಬಿಣಕ್ಕೆ ಗಾಳಿ ಊದಿ ಉಕ್ಕು ಮಾಡುವ ಬೆಸೆಮರ್ ವಿಧಾನ 1856ರಲ್ಲಿ ಬಂದರೂ ಬ್ರಿಟನ್‌ನಲ್ಲಿ ಸೇತುವೆಗೆ ಉಕ್ಕು ಬಳಸಲು ಒಪ್ಪಿಗೆ ಸಿಕ್ಕಿದ್ದು 1877ರಲ್ಲಿ, ಅದೂ ಚದರ ಇಂಚಿಗೆ 6.5 ಟನ್, ಎಂದರೆ ಸುಮಾರು 100 ಮೆಗಾಪಾಸ್ಕಲ್ ಮಿತಿಯೊಳಗೆ. 1890ರಲ್ಲಿ ಫೋರ್ತ್ ಸೇತುವೆ ಉಕ್ಕಿನಲ್ಲೇ ಎದ್ದಿತು. ಕಟ್ಟಿದ ವರ್ಷ ಗೊತ್ತಿದ್ದರೆ ಅರ್ಧ ಗುರುತು ಸಿಕ್ಕಂತೆ. ಉಳಿದರ್ಧವನ್ನು ಮಾತ್ರ ಕಾಗದ ನಂಬಿ ಬಿಡಬಾರದು. 1880ರಿಂದ 1900ರ ನಡುವಿನ ಕಟ್ಟಡಗಳಲ್ಲಿ ಸರಳುಗಳನ್ನು ತ್ರಿಕೋನವಾಗಿ ಜೋಡಿಸಿದ ಒಂದೇ ಟ್ರಸ್‌ನೊಳಗೆ ಮೆದು ಕಬ್ಬಿಣದ ಸರಳು, ಉಕ್ಕಿನ ತಗಡು, ಬೀಡು ಕಬ್ಬಿಣದ ಪಾದ ಮೂರೂ ಸೇರಿರಬಹುದು. ದುರಸ್ತಿಯ ಹೆಸರಲ್ಲಿ ಆಮೇಲೆ ಸೇರಿಸಿದ ತುಂಡುಗಳ ಮಾತು ಬೇರೆಯೇ.

ಕಣ್ಣಿಗೆ ಕಾಣುವ ಗುರುತುಗಳಿಂದ ಶುರು ಮಾಡಿ. ಬೀಡು ಕಬ್ಬಿಣದ ಭಾಗಕ್ಕೆ ಅಚ್ಚಿನ ಎರಡು ಅರ್ಧ ಕೂಡಿದ ಗೆರೆ ಇರುತ್ತದೆ, ಮೇಲ್ಮೈ ಮರಳು ತಾಗಿದಂತೆ ಒರಟಾಗಿರುತ್ತದೆ, ಒಳಮೂಲೆಗಳು ದುಂಡಗಿರುತ್ತವೆ, ದಪ್ಪ ಒಂದೇ ಸಮ ಇರುವುದಿಲ್ಲ. ಕೆಳ ಫ್ಲೇಂಜ್ (ತೊಲೆಯ ಮೇಲೆ ಕೆಳಗೆ ಇರುವ ಅಡ್ಡ ಪಟ್ಟಿ) ಮೇಲಿನದಕ್ಕಿಂತ ಬಹಳ ಅಗಲವಾಗಿದ್ದರೆ ಅದು ಬೀಡು ಕಬ್ಬಿಣದ ತೊಲೆ ಎನ್ನಲು ದೊಡ್ಡ ಸುಳಿವು. ಎಳೆತಕ್ಕೆ ಆ ಲೋಹ ಸೋಲುತ್ತದೆ ಎಂದು ಅರಿತು ಇಂಗ್ಲೆಂಡಿನ ಎಂಜಿನಿಯರ್ ಈಟನ್ ಹಾಡ್ಜ್‌ಕಿನ್ಸನ್ 1830ರ ಸುಮಾರಿಗೆ ಹಾಕಿಕೊಟ್ಟ ಆಕಾರ ಅದು. ರೋಲಿಂಗ್ ಮಾಡಿದ (ಬಿಸಿಯಾಗಿ ಉರುಳೆಗಳ ನಡುವೆ ಒತ್ತಿ ಎಳೆದ) ಉಕ್ಕಿನ ಸೆಕ್ಷನ್‌ಗಳ ವೆಬ್ ಮೇಲೆ ತಯಾರಕರ ಹೆಸರು ಉಬ್ಬಿದ ಅಕ್ಷರದಲ್ಲಿರುತ್ತದೆ: ಡಾರ್ಮನ್ ಲಾಂಗ್, ಕಾರ್ನೆಗಿ ಮುಂತಾಗಿ. ಬಣ್ಣದ ಹತ್ತು ಪದರದಡಿ ಅದು ಕಾಣುವುದಿಲ್ಲ. ಟಾರ್ಚನ್ನು ತಗಡಿಗೆ ಓರೆಯಾಗಿ ಹಿಡಿದು ನೋಡಿ, ಅಕ್ಷರದ ನೆರಳು ಎದ್ದು ಬರುತ್ತದೆ.

ಸಂಶಯ ಉಳಿದರೆ, ಒತ್ತಡ ಕಡಿಮೆ ಇರುವ ಕಡೆ 5 ಮಿ.ಮೀ. ಡ್ರಿಲ್ ಹಾಕಿ ತುರಿ ಹಿಡಿದು ನೋಡಿ. ಬೀಡು ಕಬ್ಬಿಣ ಕಪ್ಪು ಪುಡಿಯಾಗಿ ಉದುರುತ್ತದೆ, ಬೆರಳಿಗೆ ಪೆನ್ಸಿಲಿನ ಮಸಿಯಂತೆ ಅಂಟುತ್ತದೆ, ಅದು ಗ್ರಾಫೈಟ್. ಉಕ್ಕು ಉದ್ದನೆಯ ಸುರುಳಿಯಾಗಿ ಬರುತ್ತದೆ. ಮೆದು ಕಬ್ಬಿಣದ ಸುರುಳಿ ನಡುನಡುವೆ ಸೀಳುತ್ತದೆ, ಏಕೆಂದರೆ ಅದರೊಳಗೆ ಕಿಟ್ಟದ (ಕುಲುಮೆಯ ಕಸ, ಸ್ಲ್ಯಾಗ್) ಎಳೆಗಳು ರೋಲಿಂಗ್ ಆದ ದಿಕ್ಕಿನಲ್ಲಿ ಉದ್ದಕ್ಕೆ ಮಲಗಿರುತ್ತವೆ. ಗ್ರೈಂಡರ್ ಕಿಡಿಯೂ ಮಾತಾಡುತ್ತದೆ: ಮೆದು ಕಬ್ಬಿಣದ ಕಿಡಿ ಉದ್ದ, ಹುಲ್ಲಿನ ಬಣ್ಣ, ಹೆಚ್ಚು ಕವಲೊಡೆಯುವುದಿಲ್ಲ, ಉಕ್ಕಿನಲ್ಲಿ ಕಾರ್ಬನ್ ಹೆಚ್ಚಿದಂತೆ ಕಿಡಿಯ ತುದಿಯಲ್ಲಿ ನಕ್ಷತ್ರದಂತೆ ಸಿಡಿಯುತ್ತದೆ, ಬೀಡಿನ ಕಿಡಿ ಮೋಟು, ಕೆಂಪು. ಕೈಯಲ್ಲಿ ಗೊತ್ತಿರುವ ಲೋಹದ ತುಂಡೊಂದನ್ನು ಇಟ್ಟುಕೊಂಡು ಪಕ್ಕದಲ್ಲೇ ಹೋಲಿಸಿ. ನೆನಪಿನಿಂದ ಕಿಡಿ ಓದಬೇಡಿ.

ಖಚಿತವಾಗಿ ಹೇಳಬೇಕಾದರೆ ರೆಪ್ಲಿಕಾ, ಎಂದರೆ ಮೇಲ್ಮೈಯ ಅಚ್ಚು, ತೆಗೆಯಬೇಕು. ನಾಣ್ಯದಗಲ ಜಾಗವನ್ನು ಹಂತಹಂತವಾಗಿ ನುಣುಪು ಮಾಡಿ, ಸ್ಪಿರಿಟ್‌ನಲ್ಲಿ ಕಲಸಿದ 2% ನೈಟ್ರಿಕ್ ಆಮ್ಲ ಹಚ್ಚಿ, ತೊಳೆದು, ಅಸಿಟೋನ್‌ನಲ್ಲಿ ಮೆತ್ತಗಾದ ಅಸಿಟೇಟ್ ಫಿಲ್ಮ್ ಒತ್ತಿ, ಒಣಗಿದ ಮೇಲೆ ಸುಲಿದು ಸೂಕ್ಷ್ಮದರ್ಶಕದಡಿ ಇಟ್ಟರೆ ಲೋಹದ ಬೆರಳಚ್ಚು ಕೈಗೆ ಬಂದಂತೆ. ಬಿಳಿ ಕಣಗಳ ನಡುವೆ ಉದ್ದನೆಯ ಕಪ್ಪು ಎಳೆಗಳಿದ್ದರೆ ಮೆದು ಕಬ್ಬಿಣ. ಕಣಗಳ ಅಂಚಿನಲ್ಲಿ ಪಟ್ಟೆಪಟ್ಟೆ ಪರ್ಲೈಟ್ (ಕಾರ್ಬನ್ ಸೇರಿದ ಕಬ್ಬಿಣದ ಪದರಗಳು) ಇದ್ದರೆ ಉಕ್ಕು. ಕೃಮಿಗಳಂತೆ ಬಾಗಿದ ಗ್ರಾಫೈಟ್ ಪದರಗಳಿದ್ದರೆ ಬೀಡು. ನನ್ನ ಮಟ್ಟಿಗೆ ಈ ಅರ್ಧ ದಿನದ ಕೆಲಸಕ್ಕೆ ಸಮನಾದದ್ದು ಇನ್ನೊಂದಿಲ್ಲ. ಐವತ್ತು ಗಡಸು ಅಂಕಿಗಳಿಗಿಂತ ಒಂದು ಒಳ್ಳೆಯ ರೆಪ್ಲಿಕಾ ಹೆಚ್ಚು ಹೇಳುತ್ತದೆ.

ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಗನ್ ಬಗ್ಗೆ ಒಂದು ಎಚ್ಚರಿಕೆ. ಮ್ಯಾಂಗನೀಸ್ ಎಷ್ಟಿದೆ ಎಂದು ಅದು ಚೆನ್ನಾಗಿ ಹೇಳುತ್ತದೆ, ಕಾರ್ಬನ್ ಅದಕ್ಕೆ ಕಾಣುವುದೇ ಇಲ್ಲ. ಹಳೆಯ ಲೋಹದಲ್ಲಿ ನಮಗೆ ಬೇಕಾದದ್ದು ಕಾರ್ಬನ್, ರಂಜಕ, ಗಂಧಕ. ಅದಕ್ಕೆ ಕಿಡಿ ಹಾರಿಸಿ ಬೆಳಕು ಓದುವ ಸ್ಪೆಕ್ಟ್ರೋಮೀಟರ್ ಬೇಕು, ಇಲ್ಲವೇ ಡ್ರಿಲ್ ತುರಿಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ತುರಿ ಕಳಿಸುವಾಗ ಮೇಲಿನ ಒಂದೆರಡು ಮಿಲಿಮೀಟರ್ ತುರಿಯನ್ನು ಎಸೆದು, ಒಳಗಿನದನ್ನು ಮಾತ್ರ ತುಂಬಿ.

ಅಂಕಿಗಳು ಚೆದುರಿದ್ದರೆ

ಈಗ ಆ ಗರ್ಡರ್‌ಗೆ ಬರೋಣ. 348ರಿಂದ 428ರವರೆಗೆ ಹಾರುವ ಅಂಕಿಗೆ ಮೂರು ಕಾರಣ ಹುಡುಕಿದೆ.

ಮೊದಲನೆಯದು ಮೇಲ್ಮೈ. ಲೀಬ್ ಡಿ ಮಾದರಿಯ ಬಡಿಗೆ 5.5 ಗ್ರಾಂ ತೂಕದ್ದು, ತುದಿಯಲ್ಲಿ 3 ಮಿ.ಮೀ. ಗುಂಡು. ಅದು ಮಾಡುವ ಗುಳಿ ಸಾಸಿವೆ ಕಾಳಿಗಿಂತ ಚಿಕ್ಕದು. ತುಕ್ಕಿನ ಹಳ್ಳ, ಗ್ರೈಂಡರ್ ಗೀರು ಯಾವುದಿದ್ದರೂ ಅಂಕಿ ಬೀಳುತ್ತದೆ. ಒರಟುತನ 2 ಮೈಕ್ರಾನ್ ಒಳಗಿರಬೇಕು. ಡಿಸ್ಕ್ ಹೊಡೆದು ಬಿಟ್ಟ ಮೇಲ್ಮೈ ಇದಕ್ಕೆ ಸಾಲದು. ಆಮೇಲೆ ಎಮರಿ ಪೇಪರನ್ನು ಒರಟಿನಿಂದ ನುಣುಪಿಗೆ ಸರದಿಯಲ್ಲಿ ಉಜ್ಜಬೇಕು. ನಾನು ಉಜ್ಜಿದ್ದು ಸಾಕಷ್ಟಿತ್ತು, ಹಾಗಾಗಿ ಈ ಕಾರಣ ಬಿಟ್ಟೆ.

ಎರಡನೆಯದು ಲೋಹದ ಒಳಗಿನ ಅಸಮತೆ. ಮೆದು ಕಬ್ಬಿಣದಲ್ಲಿ ಚಿಕ್ಕ ಗುಂಡು ಒಮ್ಮೆ ಶುದ್ಧ ಕಬ್ಬಿಣದ ಮೇಲೆ ಬೀಳುತ್ತದೆ, ಒಮ್ಮೆ ಮೇಲ್ಮೈಗೆ ಸಮೀಪ ಮಲಗಿದ ಕಿಟ್ಟದ ಎಳೆಯ ಮೇಲೆ. ರೆಪ್ಲಿಕಾದಲ್ಲಿ ಎಳೆಗಳು ಸ್ಪಷ್ಟವಾಗಿ ಕಂಡವು, ಕೆಲವೆಡೆ ಸೀಳಿದ ಕಟ್ಟಿಗೆಯ ನಾರಿನಂತೆ ಒತ್ತೊತ್ತಾಗಿ. ಇಂಥ ಲೋಹಕ್ಕೆ ದೊಡ್ಡ ಗುಂಡು ಬೇಕು. 10 ಮಿ.ಮೀ. ಗುಂಡಿನ ಪೋಲ್ಡಿ ಸುತ್ತಿಗೆ ಹಳೆಯ ಕಾಲದ ಸಾಧನ ಎಂದು ಕೆಲವರು ಮೂಗು ಮುರಿಯುತ್ತಾರೆ. ಗಡಸುತನ ಗೊತ್ತಿರುವ ಉಕ್ಕಿನ ಕಡ್ಡಿಯನ್ನು ಸುತ್ತಿಗೆಯೊಳಗೆ ಇಟ್ಟು ಒಂದು ಪೆಟ್ಟು ಕೊಟ್ಟರೆ ಕಡ್ಡಿಯ ಮೇಲೂ ತಗಡಿನ ಮೇಲೂ ಒಟ್ಟಿಗೆ ಗುಳಿ ಬೀಳುತ್ತದೆ; ಎರಡರ ವ್ಯಾಸ ಅಳೆದು ಹೋಲಿಸಿದರೆ ಬ್ರಿನೆಲ್ ಸಿಗುತ್ತದೆ. ಪೆಟ್ಟಿನ ಜೋರು ಹೆಚ್ಚುಕಡಿಮೆಯಾದರೂ ಎರಡು ಗುಳಿಗೂ ಒಂದೇ ಪೆಟ್ಟು ಬಿದ್ದಿರುವುದರಿಂದ ಲೆಕ್ಕ ಹೆಚ್ಚು ಕೆಡುವುದಿಲ್ಲ. ಮುಖ್ಯವಾಗಿ ಆ ದೊಡ್ಡ ಗುಳಿಯೊಳಗೆ ಕಬ್ಬಿಣವೂ ಕಿಟ್ಟವೂ ಎರಡೂ ಸೇರುತ್ತವೆ. ಬೀಡಿಗೂ ಇದೇ ಮಾತು. ಗುಳಿಯ ವ್ಯಾಸವನ್ನು ಒಂದಕ್ಕೊಂದು ಲಂಬವಾದ ಎರಡು ದಿಕ್ಕಿನಲ್ಲಿ ಭೂತಗನ್ನಡಿ ಹಿಡಿದು ಅಳೆಯಿರಿ. ಒಂದು ದಿಕ್ಕಿನಲ್ಲಿ ಅಂಡಾಕಾರ ಕಂಡರೆ ಸುತ್ತಿಗೆ ವಾಲಿತ್ತು ಎಂದರ್ಥ, ಆ ಗುಳಿ ಲೆಕ್ಕಕ್ಕಿಲ್ಲ.

ಮೂರನೆಯದು ತಗಡಿನ ಕಂಪನ, ಮುಂದಿನ ಭಾಗದ ವಿಷಯ.

ಅಂಕಿ ಇರಬೇಕಾದ್ದಕ್ಕಿಂತ ಕಡಿಮೆ ಬಂದರೆ

ಲೀಬ್ ವಿಧಾನ ಪುಟಿತವನ್ನು ಅಳೆಯುತ್ತದೆ: ಪುಟಿದ ವೇಗವನ್ನು ಬಡಿದ ವೇಗದಿಂದ ಭಾಗಿಸಿ 1000ದಿಂದ ಗುಣಿಸಿದರೆ ಅದೇ ಅಂಕಿ. ತಗಡು ತೆಳ್ಳಗಿದ್ದು ಡೋಲಿನ ಚರ್ಮದಂತೆ ಅದುರಿದರೆ ಬಡಿಗೆಯ ಶಕ್ತಿಯನ್ನು ಆ ಅದುರುವಿಕೆಯೇ ನುಂಗುತ್ತದೆ. ಪುಟಿತ ಕಡಿಮೆ, ಅಂಕಿ ಕಡಿಮೆ. ಡಿ ಮಾದರಿಗೆ ಆಸರೆಯಿಲ್ಲದ ಲೋಹ ಕನಿಷ್ಠ 25 ಮಿ.ಮೀ. ದಪ್ಪ, 5 ಕಿಲೋ ತೂಕ ಇರಬೇಕು. ನಮ್ಮ ವೆಬ್ 9 ಮಿ.ಮೀ. ಗರ್ಡರ್ ಒಟ್ಟು ಎಷ್ಟೋ ಟನ್ ತೂಗಿದರೂ ಬಡಿಗೆ ಬಿದ್ದ ಜಾಗದಲ್ಲಿ ಅದು 9 ಮಿ.ಮೀ. ತಗಡೇ. ಪರೀಕ್ಷಿಸುವುದು ಸುಲಭ: ಅದೇ ವೆಬ್‌ನಲ್ಲಿ ಆಧಾರವಿಲ್ಲದ ನಡುಭಾಗದಲ್ಲಿ ಐದು ಪೆಟ್ಟು, ಸ್ಟಿಫ್ನರ್ ಕೋನದ (ವೆಬ್ ಬಾಗದಂತೆ ಕೂಡಿಸಿದ ಆಸರೆ ಪಟ್ಟಿ) ಪಕ್ಕದಲ್ಲಿ ಐದು ಪೆಟ್ಟು ಹೊಡೆಯಿರಿ. ಸ್ಟಿಫ್ನರ್ ಪಕ್ಕದಲ್ಲಿ ಅಂಕಿ ಏಕಾಏಕಿ ಏರಿದರೆ ನೀವು ಅಳೆಯುತ್ತಿದ್ದದ್ದು ಕಂಪನವನ್ನು. ನಮ್ಮಲ್ಲಿ ಏರಿತು. ತೆಳು ಭಾಗಕ್ಕೆ ಲೀಬ್ ಬಿಟ್ಟು ಅಲ್ಟ್ರಾಸಾನಿಕ್ ಕಾಂಟ್ಯಾಕ್ಟ್ ಇಂಪೀಡನ್ಸ್ ಉಪಕರಣ ಹಿಡಿಯಿರಿ. ಅದು ಕಂಪಿಸುವ ಸರಳಿನ ತುದಿಯ ವಜ್ರವನ್ನು ಒತ್ತಿ, ಆವರ್ತನ ಎಷ್ಟು ಬದಲಾಯಿತೆಂದು ನೋಡುತ್ತದೆ. ಆದರೆ ಅದರ ಗುಳಿ ಇನ್ನೂ ಚಿಕ್ಕದು, ಹಾಗಾಗಿ ಮೆದು ಕಬ್ಬಿಣದಲ್ಲಿ ಏರಿಳಿತ ಹೆಚ್ಚು. ಒಂದು ಜಾಗಕ್ಕೆ ಹತ್ತು ಹದಿನೈದು ಅಂಕಿ ತೆಗೆಯಬೇಕಾಗುತ್ತದೆ.

ಕಡಿಮೆ ಅಂಕಿಗೆ ಇನ್ನೊಂದು ಕಾರಣ ಮೇಲ್ಪದರದ ಕಾರ್ಬನ್ ನಷ್ಟ. ಬಿಸಿಯಲ್ಲಿ ರೋಲ್ ಆದ ಉಕ್ಕಿನ ಹೊರ ಚರ್ಮದ ಕಾರ್ಬನ್ ಗಾಳಿಯ ಜೊತೆ ಸುಟ್ಟುಹೋಗಿ ಒಂದು ತೆಳು ಮೆತ್ತನೆ ಪದರ ಉಳಿದಿರುತ್ತದೆ. ಅದರ ಮೇಲೆ ಹೊಡೆದರೆ ಚರ್ಮದ ಗಡಸುತನ ಸಿಗುತ್ತದೆಯೇ ಹೊರತು ಮೈಯದ್ದಲ್ಲ. ಅರ್ಧ ಮಿಲಿಮೀಟರ್ ತೆಗೆದು ಅಳೆಯಿರಿ, ಇನ್ನೊಂದು ಕಾಲು ಮಿಲಿಮೀಟರ್ ತೆಗೆದು ಮತ್ತೆ ಅಳೆಯಿರಿ. ಎರಡು ಅಂಕಿ ಒಂದೇ ಆಗುವವರೆಗೆ ಇಳಿದರೆ ಸಾಕು. ಅಂಕಿ ತಪ್ಪಲು ಉಳಿದ ಸಣ್ಣ ಕಾರಣಗಳು (ಕೆಲವು ಅಂಕಿಯನ್ನು ಇಳಿಸುವ ಬದಲು ಏರಿಸಲೂಬಹುದು): ಅಂಚಿಗೆ ತೀರ ಹತ್ತಿರ ಹೊಡೆದದ್ದು, ಹಿಂದಿನ ಗುಳಿಯ ಮೇಲೇ ಹೊಡೆದದ್ದು (3 ಮಿ.ಮೀ. ಅಂತರವಿರಲಿ), 30 ಮಿ.ಮೀ.ಗಿಂತ ಕಡಿಮೆ ತ್ರಿಜ್ಯದ ಸರಳಿಗೆ ತಕ್ಕ ಆಸರೆ ಬಳೆ ಹಾಕದೆ ಹೊಡೆದದ್ದು, ತಲೆಯ ಮೇಲಿನ ಫ್ಲೇಂಜಿಗೆ ಕೆಳಗಿನಿಂದ ಹೊಡೆಯುವಾಗ ದಿಕ್ಕಿನ ತಿದ್ದುಪಡಿ ಮರೆತದ್ದು.

ಅಂಕಿ ಹೆಚ್ಚು ಬಂದರೆ

ಕಡಿಮೆ ಬಂದ ಅಂಕಿಯಿಂದ ಹಣ ವ್ಯರ್ಥವಾಗಬಹುದು. ಹೆಚ್ಚು ಬಂದ ಅಂಕಿಯಿಂದ ಜೀವ ಹೋಗಬಹುದು. ಆದ್ದರಿಂದ ಇಲ್ಲಿ ಹೆಚ್ಚು ಅನುಮಾನ ಪಡಿ.

ಮೊದಲ ಶಂಕಿತ ನಿಮ್ಮ ಗ್ರೈಂಡರ್. ಜೋರಾಗಿ ಒತ್ತಿ ಉಜ್ಜಿದರೆ ಮೇಲ್ಮೈ ಕಾದು ನೀಲಿಗಟ್ಟುತ್ತದೆ, ಇಲ್ಲವೇ ಉಜ್ಜಿದ ಒತ್ತಡಕ್ಕೇ ಗಟ್ಟಿಯಾಗುತ್ತದೆ. ನೀಲಿ ಬಣ್ಣ ಕಂಡ ಜಾಗ ಬಿಟ್ಟುಬಿಡಿ. ಕೊನೆಯ ಹಂತ ಕೈಯಿಂದಲೇ ಆಗಲಿ. ಎರಡನೆಯದು ಪಂಚ್ ಹೊಡೆದ ರಿವೆಟ್ ತೂತಿನ ಅಂಚು, ಸುತ್ತಿಗೆಯಿಂದ ಬಡಿದು ನೇರ ಮಾಡಿದ ಜಾಗ, ಆಮೇಲೆ ಯಾರೋ ಬೆಸುಗೆ ಹಾಕಿದ ಜಾಗ. ಇವೆಲ್ಲ ಆಯಾ ಜಾಗದಲ್ಲಷ್ಟೇ ಗಡಸು. ರಿವೆಟ್ ತಲೆಯ ಮೇಲೆ ಅಳೆದು ರಿವೆಟ್‌ನ ಬಲ ಹೇಳುವುದೂ ಸಲ್ಲದು. ತಲೆ ಬಡಿಸಿಕೊಂಡದ್ದು, ಹೊರೆ ಹೊರುವುದು ಕಾಂಡ.

ಮೂರನೆಯದು ರಂಜಕ, ನನ್ನನ್ನು ಅತಿ ಹೆಚ್ಚು ಕಾಡುವುದು ಇದೇ. ಮೆದು ಕಬ್ಬಿಣದಲ್ಲೂ ಆರಂಭದ ಬೆಸೆಮರ್ ಉಕ್ಕಿನಲ್ಲೂ ರಂಜಕ ಇಂದಿನ ಮಿತಿಗಿಂತ ಬಹಳ ಹೆಚ್ಚಿರಬಹುದು. ಅದು ಕಬ್ಬಿಣದ ಕಣವನ್ನು ಗಡಸು ಮಾಡುತ್ತದೆ, ಜೊತೆಗೆ ಚಳಿಗೆ ಸಿಡಿಯುವಷ್ಟು ಪೆಡಸೂ ಮಾಡುತ್ತದೆ. ಸಿಡ್ನಿ ಥಾಮಸ್ 1878ರ ಸುಮಾರಿಗೆ ರಂಜಕ ತೆಗೆಯುವ ಕುಲುಮೆ ರೂಪಿಸುವ ಮುಂಚೆ ಬೆಸೆಮರ್ ಉಕ್ಕಿನಿಂದ ಅದನ್ನು ತೆಗೆಯುವ ದಾರಿಯೇ ಇರಲಿಲ್ಲ. ಗಾಳಿ ಊದಿ ಮಾಡಿದ ಬೆಸೆಮರ್ ಉಕ್ಕಿಗೆ ಸಾರಜನಕವೂ ಸೇರಿಕೊಂಡು, ವರ್ಷಗಳು ಕಳೆದಂತೆ ಲೋಹವನ್ನು ಇನ್ನಷ್ಟು ಪೆಡಸು ಮಾಡುತ್ತದೆ. ಉಪಕರಣದ ಪರದೆಯಲ್ಲಿ ಮಾತ್ರ ಅಂಕಿ ಏರಿರುತ್ತದೆ, ನೋಡಿದವರು ಒಳ್ಳೆಯ ಉಕ್ಕು ಎಂದುಕೊಳ್ಳುತ್ತಾರೆ. ಅಕ್ಕಪಕ್ಕದ ಭಾಗಗಳಿಗಿಂತ ಒಂದು ಭಾಗ ಎದ್ದು ಕಾಣುವಷ್ಟು ಗಡಸಾಗಿದ್ದರೆ ಅದರ ತುರಿಯನ್ನು ರಂಜಕ, ಸಾರಜನಕಕ್ಕೆ ಪರೀಕ್ಷಿಸದೆ ಹೆಚ್ಚಿನ ಬಲ ಬರೆದುಕೊಡಬೇಡಿ.

ಅಂಕಿ ಸರಿ, ಪರಿವರ್ತನೆ ತಪ್ಪು

ಐಎಸ್‌ಒ 18265, ಎಎಸ್‌ಟಿಎಂ ಎ370 ಮಾನಕಗಳ ಪಟ್ಟಿಗಳಲ್ಲಿ ಬ್ರಿನೆಲ್‌ನಿಂದ ಕರ್ಷಣ ಬಲಕ್ಕೆ (ಎಳೆದಾಗ ತುಂಡಾಗುವ ಮುನ್ನ ಲೋಹ ತಡೆಯುವ ಗರಿಷ್ಠ) ಹೋಗುವ ದಾರಿ ಇದೆ. ಕಡಿಮೆ ಕಾರ್ಬನ್ ಉಕ್ಕಿಗೆ ಹೆಚ್ಚುಕಡಿಮೆ ಬ್ರಿನೆಲ್ ಅಂಕಿಯ 3.4 ಪಟ್ಟು ಮೆಗಾಪಾಸ್ಕಲ್: 124 ಇದ್ದರೆ ಸುಮಾರು 415. ಈ ಪಟ್ಟಿಗಳು ಉಕ್ಕಿನವು. ಅವನ್ನು ಬೀಡಿಗೆ ಹಚ್ಚಿದರೆ ಅನಾಹುತ. ಬ್ರಿನೆಲ್ 180 ಇರುವ ಉಕ್ಕು ಸುಮಾರು 600 ಮೆಗಾಪಾಸ್ಕಲ್ ಎಳೆತ ತಡೆಯುತ್ತದೆ. ಅದೇ 180 ಇರುವ ಬೂದು ಬೀಡು 150ರಿಂದ 200ಕ್ಕೇ ತುಂಡಾಗಬಹುದು. ಗುಂಡು ಒತ್ತುವಾಗ ಗ್ರಾಫೈಟ್ ಪದರಗಳು ಒಳಗೊಳಗೆ ಮುಚ್ಚಿಕೊಳ್ಳುತ್ತವೆ, ಎಳೆಯುವಾಗ ಅವೇ ಬಿರುಕುಗಳಾಗಿ ಬಾಯಿ ತೆರೆಯುತ್ತವೆ. ಗಡಸುತನಕ್ಕೆ ಕಾಣದ ವ್ಯತ್ಯಾಸ ಅದು.

ಇನ್ನೊಂದು ತಪ್ಪು ಯೀಲ್ಡ್ ಬಲವನ್ನೂ (ಲೋಹ ಶಾಶ್ವತವಾಗಿ ಹಿಗ್ಗತೊಡಗುವ ಹಂತ) ಗಡಸುತನದಿಂದಲೇ ಹೊರಡಿಸುವುದು. ಗುಳಿಯ ಸುತ್ತಲಿನ ಲೋಹ ಸುಮಾರು 8% ಹಿಗ್ಗಿದಷ್ಟು ವಿಕಾರಗೊಂಡಿರುತ್ತದೆ. ಯೀಲ್ಡ್ ಶುರುವಾಗುವುದು 0.2% ಆಸುಪಾಸಿನಲ್ಲಿ. ಹಾಗಾಗಿ ಗಡಸುತನ ಕರ್ಷಣ ಬಲದ ನೆಂಟ, ಯೀಲ್ಡ್‌ಗೆ ದೂರದ ಸಂಬಂಧಿ. ಕಣದ ಗಾತ್ರ, ತಗಡಿನ ದಪ್ಪ, ರೋಲಿಂಗ್ ಮುಗಿದ ತಾಪಮಾನ ಎಲ್ಲವೂ ಯೀಲ್ಡನ್ನು ಬದಲಿಸುತ್ತವೆ, ಗಡಸುತನವನ್ನು ಅಷ್ಟಾಗಿ ಬದಲಿಸುವುದಿಲ್ಲ. ವಿನ್ಯಾಸ ಲೆಕ್ಕಕ್ಕೆ ಬೇಕಾದದ್ದು ಮಾತ್ರ ಯೀಲ್ಡೇ. ಗುಂಡನ್ನು ಹಂತಹಂತವಾಗಿ ಒತ್ತಿ ಬಿಟ್ಟು ಹೊರೆ ಮತ್ತು ಆಳದ ರೇಖೆ ಬರೆಯುವ ಉಪಕರಣಗಳು ಈ ಅಂತರವನ್ನು ಸ್ವಲ್ಪ ತುಂಬುತ್ತವೆ. ಆದರೂ ಕೂಪನ್ (ಮಾದರಿ ತುಂಡು) ಕತ್ತರಿಸಿ ಎಳೆದು ನೋಡಿದ ಒಂದೆರಡು ಪರೀಕ್ಷೆಗೆ ಹೊಂದಿಸದೆ ಯಾವುದನ್ನೂ ನಾನು ಒಂಟಿಯಾಗಿ ನಂಬುವುದಿಲ್ಲ.

ಬೀಡಿನ ಕಂಬ: ಶಬ್ದದಿಂದ ಓದುವುದು

ಬೀಡಿಗೆ ಗಡಸುತನಕ್ಕಿಂತ ಅಲ್ಟ್ರಾಸಾನಿಕ್ ಹೆಚ್ಚು ಉಪಯೋಗ. ಉಕ್ಕಿನಲ್ಲಿ ಉದ್ದಲೆಯ (ಸಾಗುವ ದಿಕ್ಕಿನಲ್ಲೇ ಕಂಪಿಸುವ ಅಲೆಯ) ಶಬ್ದವೇಗ ಸೆಕೆಂಡಿಗೆ ಸುಮಾರು 5,920 ಮೀಟರ್. ಬೂದು ಬೀಡಿನಲ್ಲಿ ಗ್ರಾಫೈಟ್ ಪದರ ದೊಡ್ಡದಿದ್ದಷ್ಟೂ ಹೆಚ್ಚಿದ್ದಷ್ಟೂ ಅದು ಕೆಳಗಿಳಿಯುತ್ತದೆ. ಉಕ್ಕಿಗೆ ಹೊಂದಿಸಿದ ದಪ್ಪಮಾಪಕವನ್ನು ಕಂಬದ ಮೇಲ್ತುದಿಯ ಚಾಚಿಗೆ ಹಿಡಿದಾಗ 25.0 ಮಿ.ಮೀ. ತೋರಿಸಿತು. ಅದೇ ಜಾಗಕ್ಕೆ ಕ್ಯಾಲಿಪರ್ ಹಾಕಿದರೆ 20.0. ವೇಗ ಎಂದರೆ 5,920ನ್ನು 20ರಿಂದ ಗುಣಿಸಿ 25ರಿಂದ ಭಾಗಿಸಿದ್ದು, ಸುಮಾರು 4,740. ಉಕ್ಕಲ್ಲ ಎಂದು ಅಷ್ಟರಲ್ಲೇ ಗೊತ್ತಾಯಿತು. ವೇಗ ಕಡಿಮೆಯಾದಷ್ಟೂ ಗ್ರಾಫೈಟ್ ಒರಟು, ಎಳೆತದ ಬಲ ಕಡಿಮೆ. ಬೇರೆಬೇರೆ ಕಂಬಗಳನ್ನು ಹೀಗೆ ಸಾಲಾಗಿ ಓದಿ ಅತಿ ಕಡಿಮೆ ವೇಗದ್ದನ್ನು ಮೊದಲು ವಿಚಾರಿಸಿ. ಒರಟು ಗ್ರಾಫೈಟ್ ಶಬ್ದವನ್ನು ಚದುರಿಸುವುದರಿಂದ 5 ಮೆಗಾಹರ್ಟ್ಸ್ ಪ್ರೋಬ್‌ಗೆ ಪ್ರತಿಧ್ವನಿ ಸಿಗದೇ ಹೋಗಬಹುದು. 2 ಮೆಗಾಹರ್ಟ್ಸ್‌ಗೆ ಇಳಿದು ನೋಡಿ.

ವೇಗ ಗೊತ್ತಾದ ಮೇಲೆ ಅದೇ ಉಪಕರಣವನ್ನು ಕಂಬದ ಸುತ್ತ ನಾಲ್ಕು ದಿಕ್ಕಿಗೆ ಹಿಡಿಯಿರಿ. ಟೊಳ್ಳು ಕಂಬ ಎರಕ ಹೊಯ್ಯುವಾಗ ಒಳಗಿನ ಮರಳಿನ ಅಚ್ಚು ತೇಲಿ ಪಕ್ಕಕ್ಕೆ ಸರಿದಿರುವುದು ಅಪರೂಪವಲ್ಲ. ಒಂದು ಕಂಬದಲ್ಲಿ ಒಂದು ಬದಿ 31, ಎದುರು ಬದಿ 17 ಮಿ.ಮೀ. ಕಂಡಿದ್ದೇನೆ, ನಕ್ಷೆಯಲ್ಲಿ ಎರಡೂ ಕಡೆ 25 ಎಂದಿತ್ತು. ಅಂಥ ಕಂಬದ ಲೋಹ ಎಷ್ಟೇ ಒಳ್ಳೆಯದಿರಲಿ, ಹೊರೆ ಓರೆಯಾಗಿ ಬೀಳುವುದರಿಂದ ಬಾಗುವಿಕೆ ಸೇರಿಕೊಂಡು ತೆಳು ಬದಿ ಸೋಲುತ್ತದೆ. ನೆಲಕ್ಕೆ ತಾಗುವ ಪಾದದಲ್ಲಿ ಚಾಕುವಿನ ತುದಿಯಿಂದ ಗೀರಿ ನೋಡುವುದನ್ನೂ ಮರೆಯಬೇಡಿ. ತೇವದಲ್ಲಿ ಕಬ್ಬಿಣ ಕರಗಿಹೋಗಿ ಗ್ರಾಫೈಟ್ ಮಾತ್ರ ಉಳಿದರೂ ಆಕಾರ, ಅಂಚು, ಅಲಂಕಾರ ಎಲ್ಲ ಹಾಗೇ ಇರುತ್ತದೆ. ಚಾಕು ಮಾತ್ರ ಸುಲಭವಾಗಿ ಇಳಿಯುತ್ತದೆ.

ಗಡಸುತನ ಕಾಣದ ದೋಷಗಳು

ಬಲ ಸಾಕಷ್ಟಿದ್ದೂ ಬಿದ್ದ ರಚನೆಗಳಿವೆ. ಅಮೆರಿಕದ ಸಿಲ್ವರ್ ಬ್ರಿಜ್ 1967ರ ಡಿಸೆಂಬರ್ 15ರಂದು ಕುಸಿದು 46 ಜನ ಸತ್ತರು. ಅದರ ತೂಗುಪಟ್ಟಿಗಳು ಹೆಚ್ಚು ಬಲದ ಉಕ್ಕಿನವು. ಒಂದು ಪಟ್ಟಿಯ ಕಣ್ಣಿನೊಳಗೆ ಸುಮಾರು 2.5 ಮಿ.ಮೀ. ಆಳದ ಬಿರುಕು ಸಾಕಾಯಿತು, ಏಕೆಂದರೆ ಆ ಲೋಹಕ್ಕೆ ಬಿರುಕನ್ನು ತಡೆದು ನಿಲ್ಲಿಸುವ ಗುಣವಿರಲಿಲ್ಲ. 1879ರ ಡಿಸೆಂಬರ್ 28ರ ರಾತ್ರಿ ಸ್ಕಾಟ್ಲೆಂಡಿನ ಟೇ ಸೇತುವೆ ಬಿರುಗಾಳಿಗೆ ಬಿದ್ದಾಗ ಬೀಡು ಕಂಬಗಳಿಗೆ ಸೇರಿದ ಎರಕದ ಕಿವಿಗಳು (ಅಡ್ಡಪಟ್ಟಿ ಕಟ್ಟುವ ಚಾಚುಗಳು) ಮುರಿದದ್ದು ವಿಚಾರಣೆಯಲ್ಲಿ ಹೊರಬಂತು. ಕಂಬದ ನಡುವಿನಲ್ಲಿ ಎಷ್ಟು ಗಡಸು ಅಂಕಿ ತೆಗೆದರೂ ಆ ಕಿವಿಗಳ ದೋಷ ಸಿಗುತ್ತಿರಲಿಲ್ಲ.

ಹಾಗಾಗಿ ಬಲದ ಅಂದಾಜಿನ ಜೊತೆಗೆ ರಿವೆಟ್ ತೂತಿನ ಅಂಚುಗಳಿಗೆ ಮ್ಯಾಗ್ನೆಟಿಕ್ ಪುಡಿ ಅಥವಾ ಬಣ್ಣ ಹೀರಿಸುವ ಪರೀಕ್ಷೆ ಇರಲೇಬೇಕು. ಒಂದು ಸೂಕ್ಷ್ಮ: ಮ್ಯಾಗ್ನೆಟಿಕ್ ಪುಡಿಯ ಪರೀಕ್ಷೆ ಮೊದಲು ಮಾಡಿದರೆ ಉಳಿದ ಕಾಂತತೆ ಲೀಬ್ ಸುರುಳಿಯ ಓದುವಿಕೆಯನ್ನು ಕೆಡಿಸುತ್ತದೆ. ಗಡಸುತನ ಮೊದಲು, ಪುಡಿ ಆಮೇಲೆ.

ಮೆದು ಕಬ್ಬಿಣದ ತಗಡಿಗೆ ದಪ್ಪಮಾಪಕ ಹಿಡಿದಾಗ ನಿಜ ದಪ್ಪದ ಅರ್ಧವೋ ಮುಕ್ಕಾಲೋ ತೋರಿಸಿದರೆ ತುಕ್ಕು ತಿಂದಿದೆ ಎಂದು ಬರೆಯುವ ಮುಂಚೆ ಕ್ಯಾಲಿಪರ್ ಹಾಕಿ. ಶಬ್ದ ಒಳಗಿನ ಕಿಟ್ಟದ ಪದರಕ್ಕೆ ಬಡಿದು ಅಲ್ಲಿಂದಲೇ ಹಿಂತಿರುಗಿರಬಹುದು. ಅಂಥ ಪದರವಿರುವ ತಗಡು ಉದ್ದಕ್ಕೆ ಎಳೆದರೆ ಚೆನ್ನಾಗಿ ತಡೆಯುತ್ತದೆ, ದಪ್ಪದ ದಿಕ್ಕಿಗೆ ಎಳೆದರೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಅದಕ್ಕೆ ಬೆಸುಗೆ ಹಾಕಿ ಬ್ರಾಕೆಟ್ ತೂಗುಹಾಕುವ ಯೋಚನೆ ಯಾರಿಗಾದರೂ ಇದ್ದರೆ ಅಲ್ಲೇ ತಡೆಯಿರಿ. ಹಳೆಯ ರಿಮ್ಡ್ ಉಕ್ಕಿನ (ಆಮ್ಲಜನಕ ಪೂರ್ತಿ ತೆಗೆಯದೆ ಎರಕ ಹೊಯ್ದ ಉಕ್ಕು) ಸೆಕ್ಷನ್‌ಗೂ ಇಂಥದ್ದೇ ಗುಟ್ಟು ಇದೆ: ಹೊರ ಚರ್ಮ ಶುದ್ಧ, ನಡುಭಾಗದಲ್ಲಿ ಗಂಧಕ, ರಂಜಕ ಒಟ್ಟುಗೂಡಿರುತ್ತವೆ. ಕತ್ತರಿಸಿದ ತುದಿ ಸಿಕ್ಕರೆ ನುಣುಪು ಮಾಡಿ, ದುರ್ಬಲ ಗಂಧಕಾಮ್ಲದಲ್ಲಿ ನೆನೆಸಿದ ಛಾಯಾಚಿತ್ರ ಕಾಗದವನ್ನು ಒತ್ತಿ. ಗಂಧಕ ಇರುವಲ್ಲಿ ಕಂದು ಕಲೆ ಮೂಡುತ್ತದೆ, ವೆಬ್‌ನ ನಡುವಿನಲ್ಲಿ ಒಂದು ಗೆರೆಯಂತೆ.

ಆ ಗರ್ಡರ್‌ಗೆ ಕೊನೆಗೆ ಏನು ಬರೆದೆ

ಲೀಬ್ ಅಂಕಿಗಳನ್ನು ಪೂರ್ತಿ ಬಿಟ್ಟೆ. ಫ್ಲೇಂಜ್, ವೆಬ್ ಎರಡರಲ್ಲೂ 10 ಮಿ.ಮೀ. ಗುಂಡಿನಿಂದ ಹನ್ನೆರಡು ಜಾಗ ತೆಗೆದಾಗ ಬ್ರಿನೆಲ್ 102ರಿಂದ 114ರ ನಡುವೆ ಬಂತು. ಏರಿಳಿತ ಒಂದು ಹಿಡಿಯೊಳಗೆ ಸೇರಿತು. ಬಾಗುವಿಕೆ ಹೆಚ್ಚಿಲ್ಲದ ತುದಿಭಾಗದ ಫ್ಲೇಂಜ್ ಅಂಚಿನಿಂದ ಎರಡು ಕೂಪನ್ ಕತ್ತರಿಸಿದೆವು. ಬ್ರಿನೆಲ್ 110 ಇದ್ದಲ್ಲಿ ಕರ್ಷಣ ಬಲ 335, ಯೀಲ್ಡ್ 212 ಮೆಗಾಪಾಸ್ಕಲ್. 107 ಇದ್ದಲ್ಲಿ 322 ಮತ್ತು 205. ಉಕ್ಕಿನ ಪಟ್ಟಿ 110ಕ್ಕೆ 370ರ ಹತ್ತಿರ ಕೊಡುತ್ತಿತ್ತು. ಪಟ್ಟು 3.4ರ ಬದಲು 3.0, ಏಕೆಂದರೆ ಎಳೆಯುವಾಗ ಕಿಟ್ಟದ ಎಳೆಗಳು ಹೊರೆಯನ್ನು ಹಂಚಿಕೊಳ್ಳುವುದಿಲ್ಲ.

ಆಮೇಲೆ ಸರಾಸರಿ ಹಿಡಿಯದೆ ಅತಿ ಕಡಿಮೆ ಅಂಕಿ ಹಿಡಿದೆ: 102ಕ್ಕೆ 3.0 ಪಟ್ಟು 306, ಅದರ 0.63 ಭಾಗ 193. ಅಮೆರಿಕದ ಸೇತುವೆ ಮೌಲ್ಯಮಾಪನ ಕೈಪಿಡಿ ಮೆದು ಕಬ್ಬಿಣಕ್ಕೂ 1905ಕ್ಕಿಂತ ಹಿಂದಿನ ಗುರುತಿಲ್ಲದ ಉಕ್ಕಿಗೂ 179 ಮೆಗಾಪಾಸ್ಕಲ್ ಯೀಲ್ಡ್ ಇಟ್ಟುಕೊಳ್ಳಲು ಹೇಳುತ್ತದೆ. 1905ರಿಂದ 1936ರವರೆಗಿನ ಉಕ್ಕಿಗೆ 207. ನನ್ನ 193 ಆ 179ಕ್ಕಿಂತ ಮೇಲಿದೆ. ಆದರೂ ಎರಡೇ ಕೂಪನ್ ಇಟ್ಟುಕೊಂಡು ಕೈಪಿಡಿಯ ಅಂಕಿಯನ್ನು ಮೀರುವಷ್ಟು ಧೈರ್ಯ ಸರಿಯಲ್ಲ. ಲೆಕ್ಕಕ್ಕೆ 179 ಬರೆದೆ. 193ನ್ನು ಪಕ್ಕದಲ್ಲಿ ಬರೆದು, ಅದು ಬೇಕಾದರೆ ಇನ್ನೂ ಎಷ್ಟು ಕೂಪನ್, ಯಾವ ಯಾವ ಭಾಗದಿಂದ ಎಂದು ನಕ್ಷೆಯಲ್ಲಿ ಗುರುತು ಹಾಕಿದೆ. ರೋಲಿಂಗ್ ದಿಕ್ಕಿಗೆ ಅಡ್ಡಲಾಗಿ ಈ ಯಾವ ಅಂಕಿಯೂ ನಿಲ್ಲುವುದಿಲ್ಲ ಎಂಬ ಸಾಲನ್ನು ವರದಿಯ ಮೊದಲ ಪುಟದಲ್ಲೇ ಹಾಕಿದೆ, ಕೊನೆಯ ಪುಟದ ಟಿಪ್ಪಣಿಗೆ ತಳ್ಳಲಿಲ್ಲ.

ಕೆಲಸಕ್ಕೆ ಹೊರಡುವ ಮುಂಚೆ ಎರಡು ವಿಷಯ. ಹಳೆಯ ಕಬ್ಬಿಣದ ಅಡಿಬಣ್ಣ ಕೆಂಪು ಸೀಸದ್ದಾಗಿರುವುದೇ ಹೆಚ್ಚು. ಅದನ್ನು ಒಣ ಗ್ರೈಂಡರ್‌ನಿಂದ ಹಾರಿಸಿದರೆ ಸೀಸದ ಧೂಳು ನಿಮ್ಮ ಎದೆಗೂ ಕೆಳಗೆ ಓಡಾಡುವವರ ಎದೆಗೂ ಇಳಿಯುತ್ತದೆ. ಬಣ್ಣ ಕರಗಿಸುವ ಪೇಸ್ಟ್ ಹಚ್ಚಿ ಒದ್ದೆಯಾಗಿ ಕೆರೆದು, ಕೆರೆದದ್ದನ್ನು ಚೀಲಕ್ಕೆ ತುಂಬಿ, ಲೋಹ ಕಂಡ ಮೇಲೆ ಗ್ರೈಂಡರ್ ಹಿಡಿಯಿರಿ, ತಕ್ಕ ಮಾಸ್ಕ್ ಹಾಕಿಕೊಂಡೇ. ಪರೀಕ್ಷೆ ಮುಗಿದ ಪ್ರತಿ ಜಾಗಕ್ಕೂ ಸಂಖ್ಯೆ ಕೊಟ್ಟು, ಫೋಟೋ ತೆಗೆದು, ಅದೇ ದಿನ ಜಿಂಕ್ ಪ್ರೈಮರ್ ಹಚ್ಚಿ. ನುಣುಪು ಮಾಡಿದ ಹಳೆಯ ಕಬ್ಬಿಣ ಒಂದು ರಾತ್ರಿಯ ಇಬ್ಬನಿಗೇ ಕೆಂಪಾಗುತ್ತದೆ.